ಕಾವಲುಗಾರನಿಗೆ ಚುಚ್ಚಿದ ಸೂಜಿ

ಮನೆಯಿಂದ,
ಏಳನೇ ತಾರೀಕು, ಸೋಮವಾರ, ಬೆಳಗ್ಗೆ

ಪ್ರೀತಿಯ ತಮ್ಮಾ,

ಇವತ್ತು ನನ್ನ ಉಪವಾಸ. ಐದಕ್ಕೆ ಎದ್ದು ಮನೆ ಗುಡಿಸಿ ಒರೆಸಿ, ನೀರು ತುಂಬಿಸಿ, ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚಿದೆ. ನಿನ್ನ ಭಾವನಿಗೆ ಬುತ್ತಿ ಕಟ್ಟಿ ಕಳಿಸಿದ್ದಾಯಿತು. ಈಗ ಹೊಲಿಗೆ ಮೆಷಿನ್ನಿಗೆ ಮುಚ್ಚಳ ಹಾಕಿ ಅದರ ಮೇಲೆಯೇ ಕಾಗದ ಇಟ್ಟುಕೊಂಡು ಕೂತಿದ್ದೇನೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ದ್ವೀಪದ ಗಾಳಿ ಎಷ್ಟು ಬೀಸಿತು ಅಂತ ದಿನಾ ಬರೆದುಕೊಳ್ಳುವುದು ನಿನ್ನ ಕೆಲಸ, ಸರಿ. ಅದನ್ನು ಎದೆಗೆ ತುಂಬಿಕೊಳ್ಳಬೇಕು ಅಂತ ಯಾವ ಮೇಲಧಿಕಾರಿಯೂ ಹೇಳಿರಲಾರ. ಔಷಧಿ ಅಂಗಡಿಯವಳು ಒಂದು ಬಾಟಲಿ ಕೊಟ್ಟಿದ್ದಾಳೆ, ಇದರ ಜೊತೆಗೇ ದೋಣಿಯಲ್ಲಿ ಬರುತ್ತದೆ. ಊಟ ಆದಮೇಲೆ ಎರಡು ಚಮಚ. ಸಿಹಿಯಾಗಿದೆ ಅಂತ ಚಿಕ್ಕವನಿದ್ದಾಗ ಮಾಡಿದ ಹಾಗೆ ಒಂದೇ ಸಲ ಖಾಲಿ ಮಾಡಬೇಡ.

ಈ ತಿಂಗಳ ಕೊನೆಗೆ ಅಲ್ಲಿ ನಿನ್ನ ಎರಡು ವರ್ಷ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತ ಕೇಳುತ್ತಿದ್ದಾರೆ, ಏನು ಮಾಡಲಿ ಗೊತ್ತಾಗುತ್ತಿಲ್ಲ ಅಂತ ನೀನು ಬರೆದಿದ್ದೆ. ಹಾಕು ಅಂತಲೂ ನಾನು ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಲವತ್ತೆರಡು ವರ್ಷದ ಗಂಡಸಿಗೆ ಅಕ್ಕ ಎಷ್ಟು ದಿನ ಬುದ್ಧಿ ಹೇಳುವುದು. ಆದರೆ ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದಿದ್ದೇನೆ, ಅಷ್ಟು ಗೊತ್ತಿರಲಿ.

ಇನ್ನು ಭಾನುವಾರದ ಆಟದ ಸುದ್ದಿ. ನೀನು ಹೊರಡುವಾಗ ಅದನ್ನು ನನ್ನ ತಲೆಗೆ ಕಟ್ಟಿ ಹೋದೆಯಲ್ಲ, ಒಬ್ಬರು ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುವುದು, ಹೊಡೆತ ತಾಗಿತೋ ಇಲ್ಲವೋ ಅಂತ ದಾಳ ಹೇಳುವುದು, ಇಷ್ಟು ನನ್ನ ತಲೆಗೆ ಹೋಗಲು ಎರಡು ತಿಂಗಳು ಹಿಡಿಯಿತು. ಈಗ ನಾನು ಕಥೆ ನಿಲ್ಲಿಸಿದರೆ ಬೀಗ ರಿಪೇರಿಯವನಿಗೆ ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ. ಆಯುಧ ಮಾಡುವುದೇ ನನಗೆ ಬಲು ಇಷ್ಟದ ಕೆಲಸ ಆಗಿಬಿಟ್ಟಿದೆ ಕಣೋ. ಅಂಗಿಯ ಅಳತೆ ಬರೆಯುವ ಪುಸ್ತಕದಲ್ಲೇ ಹಿಂದಿನ ಪುಟದಿಂದ ಆಯುಧ ಬರೆಯುತ್ತಾ ಬಂದಿದ್ದೇನೆ. ಅವತ್ತು ಮಾಸ್ತರರೊಬ್ಬರಿಗೆ ಎದೆ ಸುತ್ತಳತೆ ಓದಿ ಹೇಳಲು ಹೋಗಿ, ಎಸೆದರೆ ಮೂರು ಜನ ಮಲಗುತ್ತಾರೆ ಅಂತ ಓದಿಬಿಟ್ಟೆ. ಅವರು ಅಳತೆ ಬೇಡವೇ ಬೇಡ, ಹಳೇ ಅಂಗಿಯನ್ನೇ ನೋಡಿ ಹೊಲಿಯಿರಿ ಅಂದು ಹೊರಟರು.

ರಕ್ತ ಬರುವ ಆಯುಧ ನನ್ನ ಬಾಯಲ್ಲಿ ಬರುವುದಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ. ದೇವರ ದೀಪ ಕಾಣುವ ಮೇಜಿನ ಮೇಲೆ ತಲೆ ಕಡಿಯುವುದು ನನ್ನಿಂದಾಗದು. ಬೀಗದವನು ಬೆಂಕಿ ಕಾರುವ ಕತ್ತಿ ಬೇಕು ಅಂತ ಕೂತಿದ್ದ. ನಾನು ಕೊಟ್ಟದ್ದು ಒಂದು ಬೀಗ. ಶತ್ರುವಿನ ಕಡೆ ಎಸೆದರೆ ಅವನ ಕತ್ತಿ ಒರೆಯಿಂದ ಈಚೆ ಬರುವುದಿಲ್ಲ. ದಿನವಿಡೀ ಅಂಗಡಿಯಲ್ಲಿ ಬೀಗ, ವಾರಕ್ಕೊಂದು ದಿನ ಇಲ್ಲಿ ಬಂದರೂ ಬೀಗವೇ ಅಂತ ಗೊಣಗಿದ. ಪ್ರತಿ ಆಯುಧಕ್ಕೂ ಒಂದು ಬಲ ಇದ್ದರೆ ಹಿಡಿದವನಿಗೆ ಒಂದು ಕೊರತೆಯೂ ಇರಲೇಬೇಕು ಅನ್ನುವ ನಿನ್ನ ನಿಯಮವನ್ನು ನಾನು ಬಿಟ್ಟಿಲ್ಲ. ಬೀಗ ಎಸೆದವನ ಬಾಯಿಗೂ ಅಷ್ಟು ಹೊತ್ತು ಬೀಗ. ಅವನು ಒಂದು ಗಂಟೆ ಮಾತಾಡದೆ ಕೂತದ್ದನ್ನು ನೀನು ನೋಡಬೇಕಿತ್ತು, ಮುಖ ಕೆಂಪಗಾಗಿಹೋಗಿತ್ತು. ನಿನ್ನ ಭಾವ, ಈ ವಯಸ್ಸಿನಲ್ಲಿ ನಿನಗೆ ಯುದ್ಧ ಬೇಕಿತ್ತಾ ಅಂತ ನಗುತ್ತಿದ್ದವರು, ಈಗ ತಾವೇ ಒಂದು ಕೊಟ್ಟಿದ್ದಾರೆ. ಕಂಬಳಿ. ಮೇಲೆ ಬಿದ್ದವನಿಗೆ ಚಳಿಗಾಲದ ಬೆಳಗಿನ ಜಾವದ ನಿದ್ದೆ ಬರುತ್ತದೆ. ಎಸೆದವನೂ ಆಕಳಿಸುತ್ತಾನೆ. ತಮ್ಮ ಕಂಬಳಿಯನ್ನು ಆಟದಲ್ಲಿ ಯಾರಾದರೂ ಬಳಸಿದರೆ ಅಡುಗೆಮನೆಯಿಂದಲೇ ಕೇಳಿಸಿಕೊಂಡು ಈಚೆ ಬರುತ್ತಾರೆ.

ಔಷಧಿ ಅಂಗಡಿಯವಳು ಮಾತ್ರ ಇಷ್ಟು ದಿನ ಏನನ್ನೂ ಕೇಳಿರಲಿಲ್ಲ. ಹೋದ ವಾರ ರವಿಕೆ ಕೊಡಲು ಬಂದವಳು ಮೆಷಿನ್ನಿನ ಪಕ್ಕ ನಿಂತು, ನನಗೊಂದು ಸೂಜಿ ಮಾಡಿಕೊಡಿ ಅಕ್ಕಾ ಅಂದಳು. ಏನು ಬಲ ಅಂತ ಕೇಳಿದೆ. ಚುಚ್ಚಿಸಿಕೊಂಡವನು ಒಂದು ಪ್ರಶ್ನೆಗೆ ನಿಜ ಹೇಳಬೇಕು, ಹೇಳುವ ತನಕ ಅಲ್ಲಿಂದ ಕದಲಬಾರದು ಅಂದಳು. ಕೊರತೆ ಅಂದೆ. ಅವಳು ರವಿಕೆಯ ಗುಂಡಿ ತಿರುಗಿಸುತ್ತಾ, ಚುಚ್ಚಿದವಳೂ ಕದಲಬಾರದು ಅಂದಳು. ಎರಡನ್ನೂ ಹಾಗೇ ಬರೆದುಕೊಂಡೆ.

ನಿನ್ನೆ ಆಟದಲ್ಲಿ ಎಲ್ಲರೂ ಕೋಟೆಯ ಮುಂದೆ ಬಂದು ನಿಂತಿದ್ದರು. ನಿನ್ನ ಪಾತ್ರ, ಆ ಒಂಟಿಗಣ್ಣ ಕಾವಲುಗಾರ, ನೀನು ಹೋದಂದಿನಿಂದ ಸೇತುವೆಯ ಮೇಲೆ ನಿಂತೇ ಇದ್ದಾನೆ, ನಾವು ಯಾರೂ ಅವನನ್ನು ಮುಟ್ಟಿಲ್ಲ. ಶತ್ರುಗಳ ಸೇನಾಪತಿ ಎದುರಿಗೇ ಇದ್ದ. ಗುಟ್ಟೆಲ್ಲ ಅವನ ಹತ್ತಿರವೇ. ಚುಚ್ಚು ಚುಚ್ಚು ಅಂತ ಬೀಗದವನು ಹೇಳುತ್ತಿದ್ದಾನೆ, ಅವಳು ಸೇನಾಪತಿಯನ್ನು ಬಿಟ್ಟು ಸೇತುವೆಯ ಕಡೆ ತಿರುಗಿದಳು. ಕಾವಲುಗಾರನಿಗೆ ಚುಚ್ಚುತ್ತೇನೆ ಅಂದಳು. ತಾಗಿದೆ, ಪ್ರಶ್ನೆ ಕೇಳು ಅಂದೆ. ಅವಳು ಯಾರ ಮುಖವನ್ನೂ ನೋಡಲಿಲ್ಲ.

"ಇನ್ನೆರಡು ವರ್ಷ ಅಲ್ಲೇ ನಿಲ್ಲುತ್ತೀರಾ, ಈಚೆ ಬರುತ್ತೀರಾ?"

ಬೀಗದವನು ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟ. ನಿನ್ನ ಭಾವ ಕಾಫಿ ಮಾಡುವ ನೆವದಲ್ಲಿ ಎದ್ದುಹೋದರು. ಆಮೇಲೆ ನನಗೆ ನನ್ನ ತಪ್ಪು ಹೊಳೆಯಿತು. ಸೂಜಿಗೆ ನಿಯಮ ಬರೆಯುವಾಗ, ಚುಚ್ಚಿಸಿಕೊಂಡ ಪಾತ್ರವನ್ನು ಆಡುವವನೇ ಮೇಜಿನ ಹತ್ತಿರ ಇಲ್ಲದಿದ್ದರೆ ಏನು ಅಂತ ನಾನು ಬರೆದೇ ಇಲ್ಲ. ನಿನ್ನ ಬದಲು ನಾನು ಉತ್ತರ ಹೇಳುವ ಹಾಗಿಲ್ಲ. ಹಾಗಾಗಿ ಅವನು ಸೇತುವೆಯ ಮೇಲೆ, ಅವಳು ಅವನ ಎದುರಿಗೆ. ಆಟ ನಿಂತಿದೆ. ಬೇರೆ ಆಟ ಶುರು ಮಾಡೋಣ ಅಂತ ಬೀಗದವನು ಕೇಳಿದ್ದಕ್ಕೆ ಅವಳು, ಪರವಾಗಿಲ್ಲ, ನಾನು ನಿಂತಿರುತ್ತೇನೆ ಅಂದಳು. ಸಿಟ್ಟೂ ಇಲ್ಲ, ಬೇಜಾರೂ ಇಲ್ಲ, ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದಳು.

ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿನೋವೂ ಕಡಿಮೆ. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ. ಕಿವಿಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ: ಮರೆತದ್ದೇನಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟಿದ್ದೆ. ಕಾವಲುಗಾರನ ಮೇಲಿನ ಹೊಡೆತಕ್ಕೆ ನೀನು ಮಾಡುತ್ತಿದ್ದ ಹಾಗೆ ಪುಸ್ತಕದ ಮರೆಯಲ್ಲಿ ನಾನೇ ದಾಳ ಹಾಕುತ್ತೇನೆ, ಬೇರೆ ಯಾರೂ ನೋಡುವುದಿಲ್ಲ. ಸೂಜಿ ತಾಗಲು ಎರಡೂ ದಾಳ ಸೇರಿ ಹನ್ನೆರಡು ಬೀಳಬೇಕಿತ್ತು, ಬಿದ್ದದ್ದು ಎರಡು. ತಾಗಿದೆ ಅಂತ ನಾನು ಸುಳ್ಳು ಹೇಳಿದೆ. ದೇವರ ಮುಂದೆ ತಪ್ಪು ಒಪ್ಪಿಕೊಂಡಿದ್ದೇನೆ, ಅವಳಿಗೆ ಹೇಳಿಲ್ಲ. ಆಟದ ಪ್ರಕಾರ ನೀನು ಉತ್ತರ ಕೊಡಲೇಬೇಕು ಅಂತಿಲ್ಲ, ಮನಸ್ಸಿದ್ದರೆ ಮಾತ್ರ ಕೊಡು. ದೋಣಿ ಗುರುವಾರ ತಿರುಗಿ ಬರುತ್ತದೆ. ನಿನ್ನ ಕಾಗದ ತರಲು ದೋಣಿ ನಿಲ್ಲುವ ಧಕ್ಕೆಗೆ ಯಾರನ್ನು ಕಳಿಸಲಿ ಅಂತ ಯೋಚಿಸುತ್ತಿದ್ದೆ, ಅಂಗಡಿಗೆ ಬಾಗಿಲು ಹಾಕಿ ತಾನೇ ಹೋಗುತ್ತೇನೆ ಅಂದಿದ್ದಾಳೆ. ಲಕೋಟೆಯ ಮೇಲೆ ನನ್ನ ಬದಲು ಅವಳ ಹೆಸರು ಬರೆದರೆ ನನಗೇನೂ ಬೇಸರವಿಲ್ಲ.