ಹೊಗೆಗೂಲಿ

ಫೆಬ್ರವರಿ ೩೦, ೨೧೪೭
ಕಾಳಿ ನದಿಯ ಅಳಿವೆ, ಕಾರವಾರ

ಇಂದಿನ ಕ್ಯಾಸಿನೊ ಮಾಲೀಕರೇ,

ತಾರೀಖು ನೋಡಿ ಕಾಗದ ಹರಿಯಬೇಡಿ; ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಓದಿದ್ದು ಹೈಸ್ಕೂಲು. ಆದರೆ ನಮ್ಮ ಮನೆಯ ಮೂರು ತಲೆಮಾರಿನ ಹೆಂಗಸರು ಜೂಜಿನ ಹಡಗುಗಳಲ್ಲಿ ಇಸ್ಪೀಟು ಹಂಚಿದವರು. ಯಾವ ಮೇಜಿಗೆ ಯಾರು ನಿಲ್ಲಬೇಕೆಂದು ಮಾಲೀಕರು ಇಂದಿಗೂ ನನ್ನನ್ನೇ ಕೇಳುತ್ತಾರೆ.

ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬಂದ ಒಂದು ನಿಯಮವಿದೆ. ಇಸ್ಪೀಟು ಹಂಚುವವಳು ಆಟಗಾರರ ಕೈಯಿಂದ ಕಣ್ಣು ತೆಗೆಯಬಾರದು, ಮುಖ ತಿರುಗಿಸಬಾರದು. ಮೋಸ ತಡೆಯಲು ಮಾಡಿದ ನಿಯಮ, ಸರಿಯೇ. ಎದುರಿನವನು ಮುಖಕ್ಕೇ ಹೊಗೆ ಬಿಟ್ಟರೂ ಅವಳು ತಿರುಗುವಂತಿಲ್ಲ. ಅದಕ್ಕಾಗಿ ಸಂಬಳದ ಮೇಲೆ ಒಂದಿಷ್ಟು ಕೊಡುತ್ತಿದ್ದರು, ಹೊಗೆಗೂಲಿ ಎಂದು. ಮೇಜಿನಲ್ಲಿ ಕೆಮ್ಮಿದ ದಿನ ಅದನ್ನೂ ಮುರಿದುಕೊಳ್ಳುತ್ತಿದ್ದರು. ಆಟಗಾರರಿಗೆ ಕೆಮ್ಮು ಅಪಶಕುನವಂತೆ.

ನನ್ನ ಮಗಳು ಪಾವನಿ ಕೆಮ್ಮನ್ನು ನುಂಗಿಕೊಂಡು ವರ್ಷಗಟ್ಟಲೆ ನಿಂತಳು. ಕೊನೆಗೆ ಅವಳ ಎದೆಯ ಚಿತ್ರ ನೋಡಿದ ಡಾಕ್ಟರು, "ದಿನಕ್ಕೆ ಎಷ್ಟು ಸೇದ್ತಿದ್ಯೇ ತಂಗಿ?" ಎಂದು ಕೇಳಿದರು.

"ನಾ ಎಲ್ಲಿ ಸೇದ್ದೆ ಡಾಕ್ಟ್ರೇ? ಗಿರಾಕಿಗಳು ಸೇದಿ ಉಳಿದದ್ದು ನಂಗೆ ಕೊಟ್ರು," ಎಂದು ನಕ್ಕಳು. ಆ ನಗುವೂ ಕೆಮ್ಮಾಗಿಯೇ ಮುಗಿಯಿತು.

ನಾನು ಅವಳ ಮಾಲೀಕನ ಬಳಿ ಹೋದೆ. "ಎಂತ ಮಾಡೂದು ಅಮ್ಮ, ಹೊಗೆ ನಿಲ್ಸಿದ್ರೆ ಗಿರಾಕಿ ನಿಲ್ಲೂದಿಲ್ಲ," ಎಂದ. ಮಳೆಗಾಲ ಮುಗಿಯುವ ಮೊದಲೇ ಪಾವನಿ ಹೋದಳು. ಸ್ಮಶಾನಕ್ಕೆ ಅವನು ದೊಡ್ಡ ಹೂಮಾಲೆ ಕಳಿಸಿದ್ದ. ನಾನು ಹಿಂದಕ್ಕೆ ಕಳಿಸಿದೆ.

ಮರುವರ್ಷ ಅವನ ಹಡಗಿನ ಹವಾಗಿರಣಿ, ಅಂದರೆ ಒಳಗಿನ ಗಾಳಿ ಶುದ್ಧ ಮಾಡುವ ಯಂತ್ರ, ಕೆಟ್ಟಿತು. ರಿಪೇರಿಯಾಗುವವರೆಗೆ ಸಿಗರೇಟು ಬೇಡವೆಂದು ಫಲಕ ಹಾಕಿದರು. ಸೇದುವವರು ಡೆಕ್ಕಿಗೆ ಹೋಗಿ ಸೇದಿ ಮತ್ತೆ ಮೇಜಿಗೆ ಬಂದರು. ಕಣ್ಣುರಿಯೆಂದು ಅದುವರೆಗೆ ಬಾರದಿದ್ದವರೂ ಬಂದರು. ಊಟದ ಕೋಣೆ ತುಂಬಿತು. ಸುಟ್ಟ ರತ್ನಗಂಬಳಿ ಬದಲಿಸುವ ಖರ್ಚು ತಪ್ಪಿತು. ಪಳಗಿದ ಹುಡುಗಿಯರು ಕೆಲಸ ಬಿಡುವುದು ನಿಂತಿತು. ಲಾಭ ನೋಡಿದ ಮಾಲೀಕ ಫಲಕವನ್ನು ತೆಗೆಯಲೇ ಇಲ್ಲ. ನನ್ನ ಮಗಳ ಹೆಣದಿಂದ ಆಗದ್ದನ್ನು ಒಂದು ಕೆಟ್ಟ ಯಂತ್ರ ಮಾಡಿತು. ಈಗ ಅವನನ್ನು ಸಭೆಗಳಲ್ಲಿ ಧರ್ಮಾತ್ಮನೆಂದು ಹೊಗಳುತ್ತಾರೆ.

ಆದ್ದರಿಂದ ನಿಮ್ಮ ಹತ್ತಿರ ಕರುಣೆ ಕೇಳುವ ತಪ್ಪು ನಾನು ಮಾಡುವುದಿಲ್ಲ. ಹೊಗೆಯನ್ನು ಲಾಭಕ್ಕೇ ನಿಲ್ಲಿಸಿ. ದುರಾಸೆಯಿಂದಲೇ ನಿಲ್ಲಿಸಿ. ಬೇಕಾದರೆ ನಿಮ್ಮನ್ನೂ ಧರ್ಮಾತ್ಮರೆಂದು ಕರೆಯುತ್ತೇನೆ. ಇಂದು ಸಂಜೆ ನಿಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿಗೆ ನೀವು ಯಾಕೆ ನಿಲ್ಲಿಸಿದಿರಿ ಎಂಬುದು ಬೇಕಾಗಿಲ್ಲ. ಅವಳಿಗೆ ಉಸಿರು ಬೇಕು.

ಮೋಹಿನಿ ಹರಿಕಂತ್ರ,
ಪಾವನಿಯ ತಾಯಿ