ಪಾಠಕ್ಕೆಂದು ಬಂದವರು

ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟಿ,

ಉತ್ತರ ತಡವಾಯಿತು, ಎಷ್ಟು ಬೇಕೋ ಅಷ್ಟು ಬೈದುಕೋ. ಎರಡು ಕಛೇರಿ, ನಡುವೆ ನನ್ನ ಸಂಗೀತ ಪಾಠದ ಮಕ್ಕಳ ಪರೀಕ್ಷೆ, ಉಸಿರಾಡಲೂ ಪುರುಸೊತ್ತಿರಲಿಲ್ಲ. ಎಡಗೈ ಬೆರಳು ಮರಗಟ್ಟುತ್ತಿವೆ, ತಿಂಗಳ ಕೊನೆಗೆ ವಾದ್ಯವೃಂದ ಬಿಡುತ್ತೇನೆ ಎಂದು ಎರಡೇ ಸಾಲು ಗೀಚಿದ್ದೀಯಲ್ಲ, ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ವಾದಕರ ಕೈನೋವು, ಕಿವಿನೋವು ನೋಡಲು ನಮ್ಮೂರ ಸಭಾಂಗಣದಲ್ಲಿ ಒಬ್ಬ ಡಾಕ್ಟರಮ್ಮ ಇರಲಿ ಎಂದು ನಾನು ಜಗಳಾಡಿದ್ದು ನಿನಗೆ ಗೊತ್ತು. ಅವರು ಬಂದರೂ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ನೋವೆಂದು ತಿಳಿದರೆ ವಾದ್ಯವೃಂದದ ನಿರ್ದೇಶಕರು ಹಿಂದಿನ ಸಾಲಿಗೆ ತಳ್ಳುತ್ತಾರೆಂಬ ಭಯ. ಆಗ ಡಾಕ್ಟರಮ್ಮ, "ನಿಮ್ಮ ಪಾಠದ ಕೋಣೇಲೇ ಕೂತ್ಕೋತೀನಿ. ಪಾಠಕ್ಕೆ ಬರೋ ಹಾಗೆ ವಾದ್ಯ ಹಿಡ್ಕೊಂಡು ಬರ್ಲಿ, ಯಾರು ಕೇಳ್ತಾರೆ?" ಎಂದರು. ಈ ಉಪಾಯವನ್ನು ನಿನಗೆ ಫೋನಿನಲ್ಲೇ ಹೇಳಿ ನಕ್ಕಿದ್ದೆ.

ಈಗ ನೂಕುನುಗ್ಗಲು. ನಮ್ಮ ಕೊಳಲಿನ ಅಜ್ಜ ಇದ್ದಾರಲ್ಲ, ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಸ್ವಲ್ಪ ಪಾಠ ಆಗ್ಬೇಕಿತ್ತಮ್ಮಾ" ಎಂದರು. ಮೆಟ್ಟಿಲ ಮೇಲಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಒಳಗೆ ಬಂದವರು ಕೊಳಲಿನ ಪೆಟ್ಟಿಗೆ ತೆರೆಯಲೇ ಇಲ್ಲ. ಮಡಿಸಲಾಗದ ಹೆಬ್ಬೆರಳು ತೋರಿಸಿ ಅತ್ತುಬಿಟ್ಟರು. ಚಿಕಿತ್ಸೆಯಾಗಿ ಮತ್ತೆ ನುಡಿಸುತ್ತಿದ್ದಾರೆ, ಸ್ವಲ್ಪ ಸ್ವಲ್ಪ.

ಅದಕ್ಕೇ ಹೇಳುತ್ತಿದ್ದೇನೆ, ರಾಜೀನಾಮೆ ಕೊಡಬೇಡ. ಶನಿವಾರದ ರೈಲಿಗೆ ಬಾ. "ಮೊದಲು ನರ ನೋಡೋಣ, ಬಿಡೋ ಮಾತು ಆಮೇಲೆ" ಎಂದಿದ್ದಾರೆ ಡಾಕ್ಟರಮ್ಮ. ವಾಸಿಯಾಗುತ್ತದೆಂದು ಅವರು ಮಾತು ಕೊಟ್ಟಿಲ್ಲ, ನಾನೂ ಸುಳ್ಳು ಹೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಟ ಹಿಡಿಯಬೇಡ ಅಷ್ಟೇ. ನಿನ್ನ ಯಜಮಾನರಿಗೂ ಮಗುವಿಗೂ ನನ್ನ ಆಶೀರ್ವಾದ. ಕೈ ಬೆಚ್ಚಗಿಟ್ಟುಕೋ, ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಇನ್ನೊಂದು ಮಾತು: ಹೋದ ತಿಂಗಳು ನೀನು ಪಿಟೀಲು ಹೆಗಲಿಗೇರಿಸಿಕೊಂಡು ಬಂದು, "ಅಕ್ಕಾ, ನಂಗೂ ಒಂದು ಪಾಠ ಹೇಳ್ಕೊಡೇ" ಎಂದೆ. ನಾನು ತಮಾಷೆ ಎಂದುಕೊಂಡೆ ಕಣೇ. ಊರಿನವರೆಲ್ಲ ಹಾಗೆ ಬರಲಿ, ನನ್ನ ತಂಗಿಯೂ ನನ್ನ ಹತ್ತಿರ ಹಾಗೆಯೇ ಬರಬೇಕಾಯಿತೆ? ಅಮ್ಮ ಕಲಿಸಿದ್ದನ್ನು ಇಬ್ಬರೂ ಕೂತು ನುಡಿಸಿದೆವು. ನಿನ್ನ ಬೆರಳು ಜಾರಿತು. "ಕೈಗೇನಾಗಿದೆ ನಿಂಗೆ?" ಎಂದು ಗದರಿದೆ. ಹೇಳಲು ನೀನು ಬಾಯಿ ತೆರೆದಿದ್ದೆ. ನಾನು ಮುಂದಿನ ಸಾಲು ಶುರುಮಾಡಿಬಿಟ್ಟೆ.