ಸ್ವಂತ ಮಜ್ಜಿಗೆ ತರುವ ಡೈರೆಕ್ಟರ್

ತಾತಾ,

ಸಾರಿ. ನೀನು ಹೋದ ಮೇಲೂ ಹೀಗೆ ಬರೆದು ತೊಂದರೆ ಕೊಡಬಾರದು, ಗೊತ್ತು. ಅದರ ಮೇಲೆ ಹಾಸ್ಟೆಲ್‌ಗಳಲ್ಲೇ ಓದಿದವಳ ಕನ್ನಡ. ತಪ್ಪಿದ್ದ ಕಡೆ ಕೆಂಪು ಇಂಕಿನಲ್ಲಿ ಸುತ್ತು ಹಾಕು. ಆದರೆ ಇದನ್ನು ಇನ್ಯಾರನ್ನು ಕೇಳಲಿ?

ಹೋದ ವಾರ ಬಿ.ಕಾಂ. ಕ್ಲಾಸಿನಲ್ಲಿ ಮಿಸ್ ಕೇಳಿದರು, ಕಂಪನಿ ಬೋರ್ಡಿನಲ್ಲಿ ಇಂಡಿಪೆಂಡೆಂಟ್ ಡೈರೆಕ್ಟರ್ ಅಂದರೆ ಯಾರು ಅಂತ. ನನ್ನ ಬಾಯಿಂದ ಬಂದದ್ದು, "ಮನೆಯಿಂದ ಮಜ್ಜಿಗೆ ತರೋರು ಮಿಸ್." ಕ್ಲಾಸೆಲ್ಲ ನಕ್ಕಿತು. ಏನು ಮಾಡಲಿ, ನನಗೆ ಗೊತ್ತಿದ್ದ ಅಂಥ ಡೈರೆಕ್ಟರ್ ನೀನೊಬ್ಬನೇ.

ಕೆಲಮಂಗಲದ ತರಕಾರಿ ಬೆಳೆಗಾರರ ಕಂಪನಿ ನೆನಪಿದೆಯಾ? ಬೋರ್ಡಿನಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಮಾವ, ಭಾವ, ಷಡ್ಡಕ. ತೋಟವೂ ಇಲ್ಲದ, ನೆಂಟಸ್ತಿಕೆಯೂ ಇಲ್ಲದ ರಿಟೈರ್ಡ್ ಮೇಷ್ಟ್ರು ನೀನೊಬ್ಬ. ಮೀಟಿಂಗಿಗೆ ಚೇರ್ಮನ್ ಮನೆಯಿಂದ ಟೀ ಬರುತ್ತಿತ್ತು. ನೀನು ಚೀಲದಿಂದ ಮಜ್ಜಿಗೆ ಬಾಟಲಿ ತೆಗೆಯುತ್ತಿದ್ದೆ. ಯಾಕೆಂದು ಕೇಳಿದರೆ, "ಅವ್ರ ಟೀ ಕುಡುದ್ರೆ ಬ್ಯಾಡ ಅನ್ನಕ್ಕೆ ನಾಲ್ಗೆ ಏಳಲ್ಲ ಕಣಮ್ಮಿ."

ರಜೆಯಲ್ಲಿ ಒಮ್ಮೆ ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಪ್ಯಾಕಿಂಗ್ ಶೆಡ್ಡನ್ನು ಸಾನಮಾವು ಕಾಡಂಚಿನ ಜಮೀನಿನಲ್ಲಿ ಕಟ್ಟೋಣವೆಂದು ಎಲ್ಲರೂ ಕೈ ಎತ್ತಿದರು. ನೀನು ಎತ್ತಲಿಲ್ಲ.

"ಆ ಜಮೀನು ಯಾರ್ದಪ್ಪಾ?"

ಎಲ್ಲರೂ ಟೀ ಲೋಟ ಎತ್ತಿಕೊಂಡರು. ಅದು ಚೇರ್ಮನ್ನರ ಭಾಮೈದನದು.

"ಆನೆ ತಿರುಗೋ ದಾರೀಲಿ ಹೆಣ್ಮಕ್ಳು ಸಂಜೆ ಕೆಲ್ಸ ಬಿಟ್ಟು ಹೆಂಗ್ ಬತ್ತಾರೆ?"

"ಮೇಷ್ಟ್ರೇ, ನೀವು ಹೊರಗ್ನೋರು. ನಿಮ್ಗ್ಯಾಕೆ?" ಅಂದರು ಚೇರ್ಮನ್.

"ಹೊರಗ್ನೋನು ಅಂತಾನೇ ಅಲ್ವೇನಪ್ಪಾ ಕರ್ದಿದ್ದು?"

ನಿನ್ನ 'ಬೇಡ'ವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ನೀನು ಸಹಿ ಹಾಕಲಿಲ್ಲ. ಒಂದೇ ಸಾಲು. ಅದನ್ನು ಓದಿದ ಬೆಳೆಗಾರರು ಜಮೀನು ಯಾರದೆಂದು ಒಬ್ಬೊಬ್ಬರಾಗಿ ಕೇಳತೊಡಗಿದರು. ಶೆಡ್ ಕೆಲಮಂಗಲದ ರಸ್ತೆ ಬದಿಯಲ್ಲೇ ಎದ್ದಿತು. ನಿನಗೆ ತಿಳಿಯದ ಸುದ್ದಿಯೊಂದಿದೆ: ಈ ಸಲ ರಾಗಿ ಕೊಯ್ಲಿಗೆ ಮುಂಚೆ ಆನೆಗಳು ಅದೇ ಜಮೀನನ್ನು ತುಳಿದುಕೊಂಡು ಹೋದವು. ಸಂಜೆ, ಕೆಲಸ ಬಿಡುವ ಹೊತ್ತಿಗೆ. ಚೇರ್ಮನ್ ನಮ್ಮ ಮನೆಗೆ ಬಂದು ನಿನ್ನ ಫೋಟೋ ಮುಂದೆ ನಿಂತು, "ಹೊರಗ್ನೋರು ಅಂದ್ಬುಟ್ಟೆ ಮೇಷ್ಟ್ರೇ..." ಅಂದರು.

ನನ್ನನ್ನು ಹಾಸ್ಟೆಲಿನ ಮೆಸ್ ಕಮಿಟಿಗೆ ಹಾಕಿದ್ದಾರೆ ತಾತ. ನೀರಿನ ಟ್ಯಾಂಕ್ ತೊಳೆದಿದೆ ಅಂತ ರಿಜಿಸ್ಟರಿನಲ್ಲಿ ನನ್ನ ಸಹಿ ಬೇಕಂತೆ. ಹತ್ತಿ ನೋಡಿದೆ, ತೊಳೆದಿಲ್ಲ. ಪಕ್ಕದ ರೂಮಿನ ಇಬ್ಬರಿಗೆ ಹೊಟ್ಟೆ ಕೆಟ್ಟಿದೆ. ವಾರ್ಡನ್ ಮೇಡಂ ಕರೆದು ಕೂರಿಸಿ, "ಒಂದು ಸೈನ್ ತಾನೇ, ಹಾಕಮ್ಮಾ" ಅಂತ ಕಾಫಿ ಕೊಟ್ಟರು. ಭಯಕ್ಕೆ ಕುಡಿದುಬಿಟ್ಟೆ. ಪೂರ್ತಿ.

ಕುಡಿದ ಮೇಲೂ ಬೇಡ ಅನ್ನಬಹುದಾ? ಬಾಟಲಿಗೆ ಮಜ್ಜಿಗೆ ತುಂಬಿಟ್ಟಿದ್ದೇನೆ, ಅಂಗಡಿಯ ಪ್ಯಾಕೆಟ್ಟಿನದು. ನಡೆಯುತ್ತಾ? ರಿಜಿಸ್ಟರ್ ನಾಳೆ ಬೆಳಗ್ಗೆ ಬರುತ್ತೆ. ಬೇಗ ಉತ್ತರ ಬರಿ.

ನಿನ್ನ ಮೊಮ್ಮಗಳು